ಹೆಂಡತಿಗೆ ಜಾಮೀನು

ನಮ್ಮ ಕೇರಿಯ ಹಿರಿಯರು ಜಾಮೀನು ಎಂಬ ಮಾತು ಬಂದರೆ ಟವಲು ಕೊಡವಿ ಎದ್ದು ಹೋಗುತ್ತಿದ್ದರು. ಸೊಸೈಟಿ ಸಾಲಕ್ಕೆ ಪಕ್ಕದ ಮನೆಯವನ ಪರವಾಗಿ ಹೆಬ್ಬೆಟ್ಟು ಒತ್ತಿದ ತಪ್ಪಿಗೆ ಅಮೀನ ಬಂದು ಹಿತ್ತಾಳೆ ಹಂಡೆಯನ್ನೂ ಕೊಳದಪ್ಪಲೆಯನ್ನೂ ಜಪ್ತಿ ಮಾಡಿಕೊಂಡು ಹೋದದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಅದಕ್ಕೂ ಹಿಂದೆ ಇನ್ನೊಂದು ಬಗೆಯ ಜಾಮೀನಿತ್ತು. ಮದುವೆಗೆಂದು ದೊಡ್ಡಮನೆಯಲ್ಲಿ ನೂರೋ ಇನ್ನೂರೋ ತಂದವನು ತನ್ನ ಮೈಯನ್ನೇ ಅಡವಿಟ್ಟು ಜೀತಕ್ಕೆ ನಿಲ್ಲುತ್ತಿದ್ದ. ಹೆಂಡತಿ ಗುಡಿಸಲಲ್ಲಿ, ಗಂಡ ಒಡೆಯನ ಕೊಟ್ಟಿಗೆಯಲ್ಲಿ. ಯಾವ ಮದುವೆಗೆ ಸಾಲ ತಂದನೋ ಆ ಮದುವೆಯ ಸುಖ ಅವನಿಗಿಲ್ಲ. 1976ರಲ್ಲಿ ಜೀತ ಪದ್ಧತಿಯ ರದ್ದತಿ ಕಾಯಿದೆ ಬಂದ ಮೇಲೆ ಮದುವೆಗೂ ಜಾಮೀನಿಗೂ ಇದ್ದ ನಂಟು ಹರಿಯಿತು ಎಂದು ನಾವು ತಿಳಿದಿದ್ದೆವು. ತಿಳಿದದ್ದು ತಪ್ಪು.

ನಮ್ಮ ಜೊತೆ ಒಂದೇ ಹಾಸ್ಟೆಲಿನಲ್ಲಿ ಮುದ್ದೆ ಉಂಡು ಓದಿದ ಗೆಳೆಯನೊಬ್ಬ ಕೊಳ್ಳೇಗಾಲ ತಾಲ್ಲೂಕಿನವನು. 1999ರಲ್ಲಿ ಓದಲೆಂದು ಅಮೆರಿಕಕ್ಕೆ ಹೋದ. ಕೆಲಸ ಸಿಕ್ಕಿತು, ವರ್ಷಗಟ್ಟಲೆ ಕಾದ ಮೇಲೆ ಅಲ್ಲಿಯ ಪೌರತ್ವವೂ ಸಿಕ್ಕಿತು. 2019ರಲ್ಲಿ ಒಂಟಿಯಾಗಿದ್ದ ತಾಯಿಯನ್ನು ಕರೆಸಿಕೊಂಡ. ಆಮೇಲೆ ಕೆಲಸ ಹೋಯಿತು. ಈಗ ರಾತ್ರಿ ಹೊತ್ತು ಒಂದು ಹೋಟೆಲಿನ ಮೇಜಿನ ಹಿಂದೆ ಕೂತು ಬಂದವರಿಗೆ ಕೀಲಿಕೈ ಕೊಡುತ್ತಾನೆ. ಮದುವೆ ತಡವಾಯಿತು, 2023ರಲ್ಲಿ ಊರಿಗೆ ಬಂದು ಅಂಗನವಾಡಿಯಲ್ಲಿ ಕೆಲಸ ಮಾಡುವ ಹೆಣ್ಣುಮಗಳೊಬ್ಬಳನ್ನು ಮದುವೆಯಾದ. ಮದುವೆಗೆ ನಾವೆಲ್ಲ ಹೋಗಿದ್ದೆವು, ಸಂವಿಧಾನದ ಪೀಠಿಕೆ ಓದಿ ಮದುವೆ ಮಾಡಿದೆವು. ಮೂರು ವಾರಕ್ಕೆ ಅವನು ವಾಪಸ್ಸು ಹೋದ. ಇವಳು ನನ್ನ ಹೆಂಡತಿ ಎಂದು ಅಲ್ಲಿಯ ಸರ್ಕಾರಕ್ಕೆ ಅರ್ಜಿ ಹಾಕಿದ. ಹೌದು, ಹೆಂಡತಿಯೇ ಎಂದು ಒಪ್ಪಿಕೊಳ್ಳಲು ಅವರಿಗೆ ವರ್ಷದ ಮೇಲಾಯಿತು. ಒಪ್ಪಿಕೊಂಡ ಮೇಲೆ, 2025ರ ಮಳೆಗಾಲದಲ್ಲಿ, ಐ-864 ಎಂಬ ನಮೂನೆಯ ಪ್ರಶ್ನೆ ಎದ್ದಿತು.

ಅದರ ಹೆಸರು ಪೋಷಣೆಯ ಪ್ರಮಾಣಪತ್ರ. ನಮ್ಮ ತಾಲ್ಲೂಕು ಕಚೇರಿಯ ಮುಂದೆ ಛಾಪಾ ಕಾಗದದ ಮೇಲೆ ಬರೆಸಿಕೊಡುವ ಅಫಿಡವಿಟ್ಟಿನ ಹಾಗೆ ಕಾಣುತ್ತದೆ. ಆದರೆ ನಮ್ಮ ಅಫಿಡವಿಟ್ಟನ್ನು ಬರೆಸಿದವನೂ ಓದುವುದಿಲ್ಲ, ಪಡೆದ ಗುಮಾಸ್ತನೂ ಓದುವುದಿಲ್ಲ. ಇದು ಹಾಗಲ್ಲ. ಕರೆಸಿಕೊಳ್ಳುವವನು ಇದರಲ್ಲಿ ಸಹಿ ಹಾಕಿದರೆ ಅದು ಸರ್ಕಾರದೊಂದಿಗಿನ ಕರಾರು. ಬಂದವರ ಬದುಕನ್ನು ಆ ದೇಶದ ಬಡತನದ ರೇಖೆಯ ನೂರಿಪ್ಪತ್ತೈದು ಭಾಗಕ್ಕಿಂತ ಕೆಳಗೆ ಬೀಳಲು ಬಿಡುವುದಿಲ್ಲ ಎಂದು ಒಪ್ಪಿಕೊಂಡಂತೆ. ಬಿದ್ದು, ಬಡವರಿಗೆಂದು ಇರುವ ಸರ್ಕಾರಿ ನೆರವನ್ನು ಅವರು ಪಡೆದರೆ ಆ ಹಣವನ್ನು ಸಹಿ ಹಾಕಿದವನಿಂದ ವಸೂಲು ಮಾಡಬಹುದು. 1996ಕ್ಕೆ ಮೊದಲು ಇಂಥ ಕಾಗದಕ್ಕೆ ಕೋರ್ಟಿನಲ್ಲಿ ಅಷ್ಟು ಬೆಲೆಯಿರಲಿಲ್ಲ. ಆ ವರ್ಷದ ಕಾನೂನು ಅದಕ್ಕೆ ಹಲ್ಲು ಕೊಟ್ಟಿತು. ಅದೇ ವರ್ಷದ ಇನ್ನೊಂದು ಕಾನೂನು, ಹೊಸದಾಗಿ ಬಂದವರಲ್ಲಿ ಹೆಚ್ಚಿನವರು ಐದು ವರ್ಷ ಅಂಥ ಕೇಂದ್ರದ ನೆರವುಗಳನ್ನು ಪಡೆಯುವಂತೆಯೇ ಇಲ್ಲ ಎಂದಿತು. ಕೊಡದ ಗಂಜಿಗೆ ಮೊದಲೇ ಜಾಮೀನು ಕೇಳುವುದು ಎಂದರೆ ಇದೇ ಇರಬೇಕು.

ಇನ್ನು ಲೆಕ್ಕ ನೋಡಿ. 2025ರ ಪಟ್ಟಿಯಲ್ಲಿ ಇಬ್ಬರ ಮನೆಗೆ ವರ್ಷಕ್ಕೆ 26,437 ಡಾಲರು ಆದಾಯ ತೋರಿಸಬೇಕು, ಮೂವರ ಮನೆಗೆ 33,312. ನಮ್ಮ ಗೆಳೆಯನ ತೆರಿಗೆ ಕಾಗದದಲ್ಲಿದ್ದದ್ದು ಇಪ್ಪತ್ತೇಳು ಸಾವಿರ. ಗಂಡ ಹೆಂಡತಿ ಇಬ್ಬರೇ ಆಗಿದ್ದರೆ ದಾಟುತ್ತಿದ್ದ. ಆದರೆ 2019ರಲ್ಲಿ ತಾಯಿಗಾಗಿಯೂ ಇದೇ ನಮೂನೆಗೆ ಸಹಿ ಹಾಕಿದ್ದನಲ್ಲ, ಆ ಕರಾರು ಇನ್ನೂ ಜೀವಂತ. ಹಾಗಾಗಿ ತಾಯಿ ಲೆಕ್ಕಕ್ಕೆ ಬಂದಳು. ಇವನು 6,312 ಡಾಲರು ಬಡವನಾದ.

ಈ ತಾಯಿ ಯಾರು? ಗಂಡ ಸತ್ತ ಮೇಲೆ ಕಬ್ಬಿನ ಗದ್ದೆಯಲ್ಲಿ ಸೋಗೆ ಹೊತ್ತು, ಛತ್ರದಲ್ಲಿ ಪಾತ್ರೆ ತೊಳೆದು ಮಗನನ್ನು ಓದಿಸಿದವಳು. ಅಲ್ಲಿಗೆ ಹೋದ ಮೇಲೂ ಅಡಿಗೆ ಅವಳದೇ, ಬಟ್ಟೆ ಅವಳದೇ. ರಾತ್ರಿ ಪಾಳಿ ಮುಗಿಸಿ ಬರುವ ಮಗನಿಗೆ ಬಿಸಿಯನ್ನ ಇಟ್ಟು ಕಾಯುವವಳು ಅವಳೇ. ಈ ಕೆಲಸಕ್ಕೆ ನಮೂನೆಯಲ್ಲಿ ಕಾಲಂ ಇಲ್ಲ. ಸಂಬಳವಿದ್ದು ತೆರಿಗೆ ಕಟ್ಟುತ್ತಿದ್ದರೆ ಒಂದೇ ಮನೆಯವಳಾಗಿ ಅವಳ ಆದಾಯವನ್ನೂ ಕೂಡಿಸಬಹುದಿತ್ತು, ಅದಕ್ಕೆ ಬೇರೆ ನಮೂನೆಯುಂಟು. ಸಂಬಳವಿಲ್ಲದ ದುಡಿತ ಮಾಡುವವಳು ಲೆಕ್ಕದಲ್ಲಿ ಒಂದು ತಲೆ, ಒಂದು ಬಾಯಿ ಮಾತ್ರ. ವಿಷಯ ತಿಳಿದ ದಿನ ಅವಳು ಮಗನಿಗೆ ಹೇಳಿದಳಂತೆ: "ನಾನು ಊರ್ಗೆ ಹೊಂಟೋಗ್ತೀನಿ ಬುಡ್ಲಾ ಮಗ. ನಾನೊಬ್ಬಳು ಕಡ್ಮೆ ಆದ್ರ ಆ ಹೆಣ್ಣುಮಗಳು ಬತ್ತಾಳ ಅಂದ್ರ ನಂಗ್ಯಾಕ ಈ ದೇಸ?"

ಮುದುಕಿಯ ಮಾತು ಬರೀ ಸಂಕಟದ ಮಾತಲ್ಲ, ಕಾನೂನಿಗೂ ಸರಿಯಾದದ್ದು ಎಂಬುದು ನಮ್ಮನ್ನು ಬೆಚ್ಚಿಸಿತು. ಬಂದವರು ಅಲ್ಲಿಯ ಪೌರರಾದರೆ, ಸತ್ತರೆ, ನಲವತ್ತು ತ್ರೈಮಾಸಿಕಗಳ ದುಡಿಮೆ ಅವರ ಲೆಕ್ಕಕ್ಕೆ ಬಂದರೆ, ಇಲ್ಲವೆ ವಾಸದ ಹಕ್ಕು ಬಿಟ್ಟುಕೊಟ್ಟು ಶಾಶ್ವತವಾಗಿ ದೇಶ ಬಿಟ್ಟರೆ ಕರಾರು ಮುಗಿಯುತ್ತದೆ. ತಾಯಿ ಹೋದರೆ ಮನೆ ಇಬ್ಬರದಾಗುತ್ತದೆ. ಇಪ್ಪತ್ತೇಳು ಸಾವಿರ ಸಾಕಾಗುತ್ತದೆ. ಯಾರೂ ಅವಳನ್ನು ಹೋಗು ಎನ್ನಲಿಲ್ಲ. ಗಣಿತ ಹೇಳಿತು.

ನಾವು ಬೇರೆ ದಾರಿ ಹುಡುಕಿದೆವು. ಆದಾಯ ಸಾಲದಿದ್ದರೆ ಆಸ್ತಿ ತೋರಿಸಬಹುದು, ಬರಲಿರುವ ಹೆಂಡತಿಯ ಆಸ್ತಿಯಾದರೂ ನಡೆಯುತ್ತದೆ. ಪೌರನ ಹೆಂಡತಿಯಾದರೆ ಕೊರತೆಯ ಮೂರು ಪಟ್ಟು ಬೆಲೆ ಬಾಳಬೇಕು. ಅಂದರೆ 18,936 ಡಾಲರು, ನಮ್ಮ ಹಣದಲ್ಲಿ ಹದಿನಾರು ಲಕ್ಷದ ಆಚೀಚೆ. ಹುಡುಗಿಗೆ ಅಪ್ಪನಿಂದ ಬಂದ ಎರಡು ಎಕರೆ ಇದೆ. ಪಹಣಿಯಲ್ಲಿ ಅವಳ ಹೆಸರೇ ಇದೆ. ಊರಿನ ದರದಲ್ಲಿ ಅಷ್ಟು ಬೆಲೆಯೂ ಇದೆ. ನಾವು ಖುಷಿಯಾಗಿ ಪಹಣಿ ತೆಗೆಸಿದೆವು. ಆಮೇಲೆ ನಮೂನೆಯ ಸೂಚನೆಯ ಸಾಲು ಕಣ್ಣಿಗೆ ಬಿತ್ತು: ಆ ಆಸ್ತಿ ಒಂದು ವರ್ಷದೊಳಗೆ ನಗದಾಗುವಂತಿರಬೇಕು. ಈ ಎರಡು ಎಕರೆ ಸರ್ಕಾರ ಮಂಜೂರು ಮಾಡಿದ ಭೂಮಿ. 1978ರ ನಮ್ಮ ಪರಭಾರೆ ನಿಷೇಧ ಕಾಯಿದೆಯ ಪ್ರಕಾರ ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ. ಒಂದು ಬಾಟಲಿಗೆ, ಒಂದು ಮದುವೆ ಖರ್ಚಿಗೆ ನಮ್ಮ ಜಮೀನು ಉಳ್ಳವರ ಪಾಲಾಗುವುದನ್ನು ತಡೆಯಲೆಂದೇ ಬಂದ ಕಾಯಿದೆ ಅದು. ಅದಕ್ಕಾಗಿ ನಮ್ಮವರು ಲಾಠಿ ಏಟು ತಿಂದಿದ್ದಾರೆ, ಇವತ್ತೂ ಅದನ್ನು ಬಿಟ್ಟುಕೊಡಲು ನಾವು ತಯಾರಿಲ್ಲ. ಆದರೆ ಆ ದೇಶದ ಕಣ್ಣಿನಲ್ಲಿ ಮಾರಲಾಗದ ಭೂಮಿ ಆಸ್ತಿಯೇ ಅಲ್ಲ. ಅಂಗನವಾಡಿಯಲ್ಲಿ ಅವಳಿಗೆ ಬರುವುದಂತೂ, ಅಲ್ಲಿಗೆ ಹೋದ ಮೇಲೆ ಮುಂದುವರಿಯದ ಆದಾಯವಾದ್ದರಿಂದ, ಲೆಕ್ಕಕ್ಕಿಲ್ಲ. ನಮ್ಮ ಸರ್ಕಾರವೂ ಅದನ್ನು ಸಂಬಳ ಎನ್ನುವುದಿಲ್ಲವಲ್ಲ, ಗೌರವಧನ ಎನ್ನುತ್ತದೆ!

ಈ ನಮೂನೆಯ ಬೆನ್ನ ಹಿಂದೆ ಒಂದು ಹಳೆಯ ಮಾತಿದೆ. ಸಾರ್ವಜನಿಕ ಹೊರೆ ಎಂಬ ಮಾತು. 1882ರ ಆಗಸ್ಟಿನಲ್ಲಿ ಅಮೆರಿಕದ ಸಂಸತ್ತು ಮಾಡಿದ ವಲಸೆ ಕಾಯಿದೆ, ಹಡಗಿನಿಂದ ಇಳಿಯುವವರಲ್ಲಿ ಅಪರಾಧಿಗಳನ್ನು, ಬುದ್ಧಿಭ್ರಮಣೆಯವರನ್ನು, ತಮ್ಮ ಹೊಟ್ಟೆ ತಾವು ಹೊರೆದುಕೊಳ್ಳಲಾರದೆ ಸಾರ್ವಜನಿಕರಿಗೆ ಹೊರೆಯಾಗಬಲ್ಲವರನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ತಿರುಗಿಸಿ ಕಳಿಸಿ ಎಂದಿತು. ಅದೇ ವರ್ಷದ ಮೇ ತಿಂಗಳಲ್ಲಿ ಚೀನೀ ಕೂಲಿಗಳನ್ನು ಹೊರಗಿಡುವ ಕಾಯಿದೆ ಬಂದಿತ್ತು. ಬೆಟ್ಟ ಒಡೆದು ರೈಲು ಕಂಬಿ ಹಾಕಿದವರನ್ನು ಕೆಲಸ ಮುಗಿದ ಮೇಲೆ ಹೊರಗೆ ಹಾಕಿದರು. ಜಗತ್ತಿನಲ್ಲಿ ಎಲ್ಲ ಕಡೆಯೂ ಹೊರೆ ಹೊತ್ತವನಿಗೇ ಹೊರೆ ಎಂಬ ಹೆಸರು ಬೀಳುವುದು ಹೇಗೆ ಎಂಬುದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ. ಹೆಣ ಹೊತ್ತವರು, ಮಲ ಹೊತ್ತವರು, ತಮಟೆ ಹೊತ್ತವರು ನಾವು. ಮೀಸಲಾತಿ ಎಂಬ ಮಾತು ಬಂದ ಕೂಡಲೆ ನಮ್ಮನ್ನು ದೇಶಕ್ಕೆ ಹೊರೆ ಎನ್ನುವವರು ಇಲ್ಲೂ ಇದ್ದಾರೆ.

ಆ ಬಾಗಿಲಲ್ಲಿ ನಿಂತ ನಮ್ಮ ದೇಶದವರ ಕಥೆಯೂ ಕೇಳುವಂಥದ್ದೇ. 1917ರಲ್ಲಿ ಏಷ್ಯಾದ ಬಹುಭಾಗಕ್ಕೆ ಬಾಗಿಲು ಮುಚ್ಚಿತು. ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ದುಡಿಯುತ್ತಿದ್ದ ಪಂಜಾಬಿನ ರೈತರಿಗೆ ಊರಿನಿಂದ ಹೆಂಡತಿಯರನ್ನು ಕರೆಸಿಕೊಳ್ಳುವ ದಾರಿ ಇಲ್ಲವಾಯಿತು. ಅವರಲ್ಲಿ ಅನೇಕರು ಮೆಕ್ಸಿಕೋ ಮೂಲದ ಹೆಣ್ಣುಗಳನ್ನು ಮದುವೆಯಾದರು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿ, ಅಮೆರಿಕದ ಪೌರತ್ವಕ್ಕಾಗಿ ಅಲ್ಲಿಯ ಸುಪ್ರೀಂ ಕೋರ್ಟಿನ ಮುಂದೆ ನಿಂತಿದ್ದ. ಆಗ ಪೌರತ್ವ ಬಿಳಿಯರಿಗೂ ಆಫ್ರಿಕಾ ಮೂಲದವರಿಗೂ ಮಾತ್ರ. ಅವನ ಪರವಾಗಿ ಹೂಡಿದ ವಾದ ಏನು ಗೊತ್ತೆ? ತಾನು ಮೇಲ್ಜಾತಿಯ ಆರ್ಯ, ತನ್ನಂಥವರು ಕೆಳಗಿನ ಮೂಲನಿವಾಸಿಗಳೊಂದಿಗೆ ಮದುವೆ ಸಂಬಂಧಕ್ಕೆ ಹೇಸುತ್ತಾರೆ, ಆದ್ದರಿಂದ ತನ್ನ ರಕ್ತ ಬಿಳಿಯರದೇ ಎಂದು! ಕೋರ್ಟು ಒಪ್ಪಲಿಲ್ಲ. ಬೇರೆಯವರ ಬಾಗಿಲಲ್ಲಿ ಭಿಕ್ಷೆಗೆ ನಿಂತಾಗಲೂ ನಮ್ಮನ್ನು ತುಳಿದೇ ಎತ್ತರವಾಗಲು ನೋಡಿದ ಈ ಬುದ್ಧಿಗೆ ಏನೆನ್ನೋಣ? ಮುಂದೆ 1946ರಲ್ಲಿ ಭಾರತೀಯರಿಗೆ ಪೌರತ್ವದ ಹಾದಿ ತೆರೆಯಿತು, 1965ರಲ್ಲಿ ದೇಶವಾರು ಪಂಕ್ತಿಭೇದ ಹೋಯಿತು. ಬಣ್ಣ ಕೇಳುವ ಕಾಲಂ ತೆಗೆದರು. ಸಂಪಾದನೆ ಕೇಳುವ ಕಾಲಂ ಉಳಿಯಿತು.

ಅಮೆರಿಕವನ್ನು ಮಾತ್ರ ಬೈದು ಪ್ರಯೋಜನವಿಲ್ಲ. ಬ್ರಿಟನ್ 2012ರಲ್ಲಿ, ಹೊರದೇಶದ ಗಂಡನನ್ನೋ ಹೆಂಡತಿಯನ್ನೋ ಕರೆಸಿಕೊಳ್ಳಲು ವರ್ಷಕ್ಕೆ 18,600 ಪೌಂಡು ಆದಾಯ ಬೇಕು ಎಂದಿತು. 2024ರ ಏಪ್ರಿಲ್‌ನಲ್ಲಿ ಅದನ್ನು 29,000ಕ್ಕೆ ಏರಿಸಿತು. ಉಳ್ಳವರ ದೇಶಗಳು ಒಂದನ್ನೊಂದು ನೋಡಿ ಕಲಿಯುತ್ತವೆ.

ಇಲ್ಲಿ ನಮ್ಮ ಬಳಗದ ಒಬ್ಬರು ಅಡ್ಡ ಬಾಯಿ ಹಾಕಿದರು. "ಅಲ್ಲಾ ಕಣ್ರಯ್ಯ, ಹೆಣ್ಣು ಕೊಡುವಾಗ ನಾವೂ ಗಂಡಿನ ಸಂಪಾದನೆ ಎಷ್ಟು ಅಂತ ಕೇಳಲ್ವಾ? ಸಾಕೋ ಯೋಗ್ಯತೆ ಇಲ್ದೋನಿಗೆ ಯಾವ ಅಪ್ಪ ಕೊಡ್ತಾನೆ? ಆ ಸರ್ಕಾರ ಕೇಳಿದ್ರೆ ಮಾತ್ರ ತಪ್ಪಾ?" ಮಾತಿನಲ್ಲಿ ಹುರುಳಿದೆ, ತಳ್ಳಿಹಾಕುವಂಥದ್ದಲ್ಲ. ಯಾರನ್ನೋ ಕರೆತಂದು ಬೀದಿಯಲ್ಲಿ ಬಿಟ್ಟುಹೋಗುವ ಗಂಡಂದಿರಿದ್ದಾರೆ. ಪರಊರಿನಲ್ಲಿ ಭಾಷೆ ಬಾರದೆ, ಕೈಯಲ್ಲಿ ಕಾಸಿಲ್ಲದೆ ನಿಂತ ಹೆಣ್ಣುಮಕ್ಕಳ ಗೋಳನ್ನು ನಾವು ಕೇಳಿಲ್ಲವೆ? ಆದರೆ ಅಪ್ಪ ಕೇಳುವುದು ಮದುವೆಗೆ ಮುಂಚೆ. ಇಷ್ಟವಿಲ್ಲದಿದ್ದರೆ ಹೆಣ್ಣು ಕೊಡುವುದಿಲ್ಲ, ಮಾತು ಅಲ್ಲಿಗೆ ಮುಗಿಯಿತು. ಕೈಹಿಡಿದಾದ ಮೇಲೆ, ಇವರು ಗಂಡಹೆಂಡಿರೆಂದು ತಾನೇ ಒಪ್ಪಿಕೊಂಡಾದ ಮೇಲೆ, 6,312 ಡಾಲರು ಕಡಿಮೆಯಿದೆ ಎಂದು ಇಬ್ಬರನ್ನೂ ಎರಡು ಸಮುದ್ರದಾಚೆ ಇಡುವ ಅಪ್ಪನನ್ನು ನಾವು ನೋಡಿಲ್ಲ. ಉಳ್ಳವನು ಇದೇ ನಮೂನೆಯನ್ನು ಅರ್ಧ ಗಂಟೆಯಲ್ಲಿ ತುಂಬಿ ಮರೆತುಬಿಡುತ್ತಾನೆ. ಅವನ ಪ್ರೀತಿ ನಿಜವೋ ಸುಳ್ಳೋ ಎಂಬುದಕ್ಕೆ ಅವನ ಬ್ಯಾಂಕಿನ ಪುಸ್ತಕ ಉತ್ತರ ಹೇಳುತ್ತದೆಯೆ? ಬಡವನಿಗೆ ಹೆಂಡತಿಯೊಂದಿಗೆ ಒಂದೇ ಮಾಡಿನ ಕೆಳಗೆ ಮಲಗುವುದು ಹಕ್ಕೋ, ಸಂಪಾದಿಸಿಕೊಳ್ಳಬೇಕಾದ ಸವಲತ್ತೋ? ಕೊಟ್ಟಿಗೆಯಲ್ಲಿ ಮಲಗಿದ್ದ ನಮ್ಮ ತಾತನಿಗೂ ಇದೇ ಪ್ರಶ್ನೆಯಿತ್ತು.

ಕರಾರು ಬರೆದುಕೊಟ್ಟು ಆ ದೇಶಕ್ಕೆ ಹೋದವರಲ್ಲಿ ನಮ್ಮವರೇ ಒಬ್ಬರಿದ್ದಾರೆ. 1913ರಲ್ಲಿ ಬಾಬಾಸಾಹೇಬರು ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಲ್ಲಿ ಕೊಲಂಬಿಯಾಕ್ಕೆ ಹೊರಟಾಗ, ಓದು ಮುಗಿಸಿ ಬಂದು ಹತ್ತು ವರ್ಷ ಸಂಸ್ಥಾನದ ಸೇವೆ ಮಾಡುವುದಾಗಿ ಬರೆದುಕೊಟ್ಟಿದ್ದರು. 1917ರಲ್ಲಿ ಮಾತಿಗೆ ತಪ್ಪದೆ ಬರೋಡಾಕ್ಕೆ ಬಂದರು. ಕೆಲಸವಿತ್ತು, ಇರಲು ಮನೆ ಸಿಗಲಿಲ್ಲ. ಪಾರ್ಸಿ ಛತ್ರದಲ್ಲಿ ಪಾರ್ಸಿ ಹೆಸರಿಟ್ಟುಕೊಂಡು ಉಳಿದರು. ಕೆಲವೇ ದಿನಕ್ಕೆ ದೊಣ್ಣೆ ಹಿಡಿದವರು ಬಂದು ಹೊರಗಟ್ಟಿದರು. ಈ ಪ್ರಸಂಗವನ್ನೂ ಇಂಥ ಇನ್ನೂ ಕೆಲವನ್ನೂ ಅವರು ಬರೆದಿಟ್ಟ ಪುಟ್ಟ ಪುಸ್ತಕ 1990ರಲ್ಲಿ ಅಚ್ಚಾಯಿತು. ಅದರ ಹೆಸರು 'ವೀಸಾಕ್ಕಾಗಿ ಕಾಯುತ್ತ'. ತನ್ನ ದೇಶದಲ್ಲೇ, ಒಂದು ಕೋಣೆಗೆ, ಒಂದು ಜಟಕಾಗಾಡಿಗೆ, ಒಂದು ಕೊಳದ ನೀರಿಗೆ ವೀಸಾ ಕಾದ ಮನುಷ್ಯ ಕೊಟ್ಟ ಹೆಸರು. ಬಾಗಿಲ ಮುಂದೆ ನಿಲ್ಲುವುದು ನಮಗೆ ಹೊಸದಲ್ಲ ಎಂದು ನಾವು ಹುಡುಗಿಗೆ ಈ ಪುಸ್ತಕದ ಕಥೆ ಹೇಳಿದೆವು. ಅವಳು ಕೇಳಿಕೊಂಡು, "ಸರಿ ಅಣ್ಣಾ, ಈಗ ಕಾಗದದ ಕೆಲ್ಸ ಏನಾಯ್ತು?" ಎಂದಳು. ನಮಗೆ ನಾಚಿಕೆಯಾಯಿತು.

ಉಳಿದಿದ್ದ ದಾರಿ ಒಂದೇ. ಆದಾಯವಿರುವ ಇನ್ನೊಬ್ಬರು ಜಂಟಿ ಜಾಮೀನಾಗಬೇಕು. ನೆಂಟನೇ ಆಗಬೇಕೆಂದಿಲ್ಲ, ಆ ದೇಶದ ಪೌರನೋ ಕಾಯಂ ವಾಸಿಯೋ ಆಗಿ ಅಲ್ಲೇ ನೆಲೆಸಿದ್ದರೆ ಸಾಕು. ನಾವು ಇಲ್ಲಿರುವವರು ನೂರು ಜನ ಸಹಿ ಹಾಕಿದರೂ ಬೆಲೆಯಿಲ್ಲ. ಗೆಳೆಯ ತನಗೆ ಗೊತ್ತಿದ್ದ ಕನ್ನಡದವರ ಮನೆಗಳಿಗೆ ಹೋದ. ದೊಡ್ಡ ಮನೆ, ಎರಡು ಕಾರು, ರಾಜ್ಯೋತ್ಸವಕ್ಕೆ ಬಿಸಿಬೇಳೆಬಾತು ಬಡಿಸುವವರು. ಒಬ್ಬರು ನೋಡೋಣ ಎಂದರು. ಇನ್ನೊಬ್ಬರು ಲಾಯರನ್ನು ಕೇಳಿ ಹೇಳುತ್ತೇನೆ ಎಂದರು. ಮತ್ತೊಬ್ಬರು ಕಾಫಿ ಕೊಟ್ಟು, ಊರು ಯಾವುದು, ಊರಲ್ಲಿ ಯಾವ ಕಡೆ ಎಂದು ಕೇಳಿದರು. ಯಾವ ಕಡೆ ಎಂಬ ಪ್ರಶ್ನೆ ಸಮುದ್ರ ದಾಟಿಯೂ ಒದ್ದೆಯಾಗಿರಲಿಲ್ಲ. ಆದರೂ ಅವರೆಲ್ಲ ಜಾತಿಗಾಗಿಯೇ ಹಿಂಜರಿದರು ಎಂದು ನಾವು ಹೇಳುವುದಿಲ್ಲ. ಜಾಮೀನೆಂದರೆ ನಮ್ಮ ಹಿರಿಯರೂ ಎದ್ದು ಹೋಗುತ್ತಿರಲಿಲ್ಲವೆ?

ಕೊನೆಗೆ ಒಪ್ಪಿದವನು ಅದೇ ಹೋಟೆಲಿನಲ್ಲಿ ಹಾಸಿಗೆ ಹಾಸುವ ಹೆಂಗಸೊಬ್ಬಳ ಗಂಡ. ಮೆಕ್ಸಿಕೋದಿಂದ ಬಂದ ಕುಟುಂಬ, ಲಾರಿ ಓಡಿಸುತ್ತಾನೆ, ಪಟ್ಟಿಯ ಲೆಕ್ಕಕ್ಕೆ ಸಾಕಾಗುವಷ್ಟು ಸಂಪಾದನೆಯಿದೆ. ತನ್ನ ತಾಯಿ ಬರುವಾಗಲೂ ಯಾರೋ ಹೊರಗಿನವರು ಸಹಿ ಹಾಕಿದ್ದರು ಎಂದನಂತೆ.

ಇಲ್ಲಿಗೆ ನಮ್ಮ ಸಂಕಟ ಮುಗಿಯಬೇಕಿತ್ತು. ಶುರುವಾದದ್ದೇ ಇಲ್ಲಿ. ಅವನ ಸಹಿ ಬಿದ್ದರೆ ಅವನೂ ಪೂರ್ತಿ ಹೊಣೆಗಾರ. ಮದುವೆ ಮುರಿದರೂ ಕರಾರು ಮುರಿಯುವುದಿಲ್ಲ. ನಲವತ್ತು ತ್ರೈಮಾಸಿಕ ಎಂದರೆ ಹತ್ತು ವರ್ಷ. ನಮ್ಮ ಬಳಗ ಎರಡಾಯಿತು. ಒಬ್ಬ ದುಡಿಯುವವನ ಮದುವೆಗೆ ಇನ್ನೊಬ್ಬ ದುಡಿಯುವವನ ಮನೆಯನ್ನು ಒತ್ತೆಯಿಡುವುದು ಯಾವ ನ್ಯಾಯ, ಅಮೀನ ಬಂದ ಮನೆಯಲ್ಲಿ ಹುಟ್ಟಿದ ನಾವೇ ಇದನ್ನು ಒಪ್ಪಬಹುದೆ, ಬೇಡ ಎಂದು ಬರೆಯೋಣ ಎಂದರು ಕೆಲವರು. ಬಡವರು ಒಬ್ಬರಿಗೊಬ್ಬರು ಸಹಿ ಹಾಕದೆ ಇನ್ಯಾರು ಹಾಕುತ್ತಾರೆ, ಕೊಟ್ಟ ಕೈಯನ್ನು ಹಿಡಿಯದಿರುವುದೂ ಒಂದು ಬಗೆಯ ಅಹಂಕಾರ ಎಂದರು ಉಳಿದವರು. ಎರಡು ರಾತ್ರಿ ಜಗಳವಾಡಿದೆವು. ನಿಜ ಹೇಳಬೇಕೆಂದರೆ ನಮಗೆ ಉತ್ತರ ಹೊಳೆಯಲಿಲ್ಲ. ಇಷ್ಟೂ ಹೊತ್ತು ಹುಡುಗಿಯನ್ನು ನಾವು ಕೇಳಿರಲಿಲ್ಲ ಎಂಬುದು ಮೂರನೆಯ ದಿನ ಹೊಳೆಯಿತು.

ಅವಳು ಕರಾರಿನ ಭಾಗವನ್ನು ಕನ್ನಡದಲ್ಲಿ ಹೇಳಿ ಎಂದಳು. ಸಾಲು ಸಾಲಾಗಿ ಬಿಡಿಸಿ ಹೇಳಿದೆವು. ನಾವು ಹಿಂದೆ ಅವಸರದಲ್ಲಿ ದಾಟಿದ್ದ ಜಾಗದಲ್ಲಿ ಅವಳು ನಿಲ್ಲಿಸಿದಳು. ಈ ಕರಾರಿನ ಮೇಲೆ ದಾವೆ ಹೂಡುವ ಹಕ್ಕು ಸರ್ಕಾರಕ್ಕೆ ಮಾತ್ರವಲ್ಲ, ಬಂದವಳಿಗೂ ಇದೆ. ಗಂಡ ಕೈಬಿಟ್ಟರೆ, ಬಿಡುಗಡೆ ಕೊಟ್ಟರೂ ಕೂಡ, ಆ ನೂರಿಪ್ಪತ್ತೈದು ಭಾಗದ ಮಟ್ಟಕ್ಕೆ ತನ್ನನ್ನು ಸಾಕಬೇಕೆಂದು ಅವಳು ಕೋರ್ಟಿಗೆ ಹೋಗಬಹುದು. 2012ರಲ್ಲಿ ಒಂದು ಮೇಲ್ಮನವಿ ನ್ಯಾಯಾಲಯ, 2016ರಲ್ಲಿ ಇನ್ನೊಂದು, ಗಂಡನಿಂದ ಬೇರೆಯಾದ ಹೆಣ್ಣುಮಕ್ಕಳ ಪರವಾಗಿ ಇದನ್ನು ಎತ್ತಿಹಿಡಿದಿವೆ. ಸರ್ಕಾರ ತನ್ನ ಬೊಕ್ಕಸ ಕಾಯಲು ಬರೆದ ಕಾಗದದಲ್ಲಿ ಹೆಣ್ಣಿನ ಕೈಗೊಂದು ಹಿಡಿ ಸಿಕ್ಕಿಬಿಟ್ಟಿದೆ. ಇದನ್ನು ಜೀತಪತ್ರ ಎಂದು ಬೈದುಕೊಂಡು ಓಡಾಡಿದ ನಾವು ಗಂಡಸರು. ನಮ್ಮಲ್ಲಿ ಒಬ್ಬರಿಗೂ ಆ ಸಾಲು ಕಂಡಿರಲಿಲ್ಲ. ಜೀತದಾಳಿಗೆ ಒಡೆಯನ ಮೇಲೆ ಹಕ್ಕಿರಲಿಲ್ಲ, ಇಲ್ಲಿ ಇದೆ. ನಮ್ಮ ಬೈಗುಳವನ್ನು ನಾವು ಅಷ್ಟರ ಮಟ್ಟಿಗೆ ವಾಪಸ್ಸು ತೆಗೆದುಕೊಳ್ಳಬೇಕು. ತಾಯಿ ಹೆಂಡತಿಯರನ್ನು ತಕ್ಕಡಿಯ ಎರಡು ತಟ್ಟೆಗೆ ಹಾಕಿದ ಗಣಿತದ ಮೇಲಿನ ಸಿಟ್ಟು ಮಾತ್ರ ಇಳಿದಿಲ್ಲ.

"ಹಂಗಾದ್ರ ನಾ ಕೋರ್ಟ್ಗ ಹೋದ್ರ ಆ ಲಾರಿಯಣ್ಣನ ಮೇಲೂ ಹೋದಂಗ ಆಯ್ತದಾ?" ಎಂದು ಕೇಳಿದಳು. ಆಗುತ್ತದೆ ಎಂದೆವು. ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಅತ್ತೆಗೆ ಫೋನು ಹಚ್ಚಿ, "ನೀವು ಎಲ್ಲಿಗೂ ಹೋಗ್ಬೇಡಿ ಅತ್ತೆ, ಅಲ್ಲೇ ಇರಿ, ನಾನೇ ಬತ್ತೀನಿ" ಎಂದಳು. ನಮ್ಮ ಕಡೆ ತಿರುಗಿ, ಆ ಮನುಷ್ಯನ ಸಹಿ ಹಾಕಿಸಿ ಎಂದಳು.

ಸಹಿ ಬಿದ್ದಿದೆ, ಕಾಗದ ಹೋಗಿದೆ. ಸಂದರ್ಶನದ ದಿನ ಇನ್ನೂ ಬಂದಿಲ್ಲ. ತ್ರೈಮಾಸಿಕ ಎಂದರೆ ಹೇಗೆ ಎಣಿಸುತ್ತಾರೆ, ಅರೆಹೊತ್ತಿನ ಕೆಲಸವೂ ಲೆಕ್ಕಕ್ಕುಂಟೆ, ಅಲ್ಲಿಯ ಶಿಶುವಿಹಾರಗಳಲ್ಲಿ ಕೆಲಸಕ್ಕೆ ಏನು ಓದಿರಬೇಕು ಎಂದು ಬಂದಾಗಲೆಲ್ಲ ಕೇಳುತ್ತಾಳೆ. ಮೊದಲ ಸಂಬಳದ ತಿಂಗಳಿಂದ ಬರೆದಿಡುತ್ತಾಳಂತೆ. ನಲವತ್ತು ತುಂಬಿದ ದಿನ ಆ ಲಾರಿಯವನ ಮನೆಗೆ ಹೋಗಿ ಹೇಳಿ ಬರುತ್ತಾಳಂತೆ.